ಹೈದರಾಬಾದಿನ ಬಾಗಿಲ ಕಾವಲು

ಕ್ರಿ.ಶ. 1591ರಲ್ಲಿ ಮೂಸೀ ನದಿಯ ದಕ್ಷಿಣ ದಡದಲ್ಲಿ ಹೈದರಾಬಾದ್ ನಗರಕ್ಕೆ ಅಸ್ತಿಭಾರವನ್ನಿರಿಸಿದ ಮಹಮ್ಮದ್ ಕುಲಿ ಕುತುಬ್ ಷಾಹನು, ನಡುವೆ ಚಾರ್ಮಿನಾರನ್ನೂ, ಅದರ ಬಡಗಲಿಗೆ ನಾಲ್ಕು ಘನವಾದ ಕಮಾನುಗಳನ್ನೂ, ನಾಲ್ಕು ದಿಕ್ಕಿಗೂ ಚಾಚಿದ ರಾಜಬೀದಿಗಳನ್ನೂ, ಆ ಬೀದಿಗಳ ಇಕ್ಕೆಲದಲ್ಲಿ ಅಂಗಡಿಸಾಲುಗಳನ್ನೂ ಕಲ್ಪಿಸಿಕೊಂಡನಾದರೂ, ಆ ಕಾಲದ ರಾಜಧಾನಿಗಳು ಸಾಮಾನ್ಯವಾಗಿ ಬಿಟ್ಟಿರಲಾರದ ಒಂದು ವಸ್ತುವನ್ನು, ಎಂದರೆ ಊರ ಸುತ್ತಣ ಪ್ರಾಕಾರವನ್ನು, ಕಟ್ಟಿಸುವ ಗೊಡವೆಗೆ ಹೋಗಲಿಲ್ಲ. ಪಡುವಣ ದಿಕ್ಕಿನಲ್ಲಿ ಗೋಲ್ಕೊಂಡದ ಗಿರಿದುರ್ಗ ಇತ್ತು. ಆಪತ್ತು ಬಂದರೆ ದೊರೆಯೂ ಭಂಡಾರವೂ ಅಲ್ಲಿಗೆ ಏರಿಹೋಗಬಹುದಾಗಿತ್ತು. ಏರಿಹೋಗಲಾರದ ಬಳೆಗಾರ, ಜವಳಿಯವ, ಮುತ್ತಿನ ವರ್ತಕರ ಗತಿಯೇನೆಂಬ ಪ್ರಶ್ನೆಗೆ ಉತ್ತರ ದೊರೆತದ್ದು 1685ರಲ್ಲಿ. ಆ ವರ್ಷ ಮೊಗಲರ ಸೇನೆ ಬಯಲಿನಂತೆ ತೆರೆದಿದ್ದ ನಗರವನ್ನು ಹೊಕ್ಕು ಸೂರೆಮಾಡಿತು. ಸುಲ್ತಾನನು ಗೋಲ್ಕೊಂಡವನ್ನು ಸೇರಿಕೊಂಡನು. ಎರಡು ವರ್ಷದ ಬಳಿಕ ಆ ಗೋಲ್ಕೊಂಡವೂ ಬಿದ್ದಿತಷ್ಟೆ. ಆದರೆ ಎಂಟು ತಿಂಗಳ ಮುತ್ತಿಗೆಗೂ ಫಿರಂಗಿಗಳಿಗೂ ಜಗ್ಗದಿದ್ದ ಆ ಕೋಟೆ ಬಿದ್ದದ್ದು, ಒಳಗಿನ ಅಧಿಕಾರಿಯೊಬ್ಬನು ಲಂಚಕ್ಕೆ ಕೈಯೊಡ್ಡಿ ರಾತ್ರಿಯಲ್ಲಿ ದಿಡ್ಡಿ ಬಾಗಿಲೊಂದನ್ನು ತೆರೆದುಬಿಟ್ಟುದರಿಂದ.

ಕಾವಲಿನ ಇತಿಹಾಸವನ್ನು ಬರೆಯಹೊರಟವನಿಗೆ ಈ ಎರಡು ಪ್ರಸಂಗಗಳಿಗಿಂತ ಯೋಗ್ಯವಾದ ಆರಂಭ ಸಿಕ್ಕಲಾರದು. ಗೋಡೆಯಿಲ್ಲದ ಊರು ಒಮ್ಮೆ ಸೂರೆಹೋಯಿತು, ಗೋಡೆಯಿದ್ದ ಕೋಟೆ ಕಾವಲುಗಾರನ ಕೈಯಿಂದಲೇ ಹೋಯಿತು. ಮುಂದಿನ ಮೂರು ಶತಮಾನಗಳಲ್ಲಿ ಹೈದರಾಬಾದಿನ ಮನೆಯೊಡೆಯನೂ ಅಂಗಡಿಕಾರನೂ ಬಗೆಬಗೆಯಾಗಿ ಬಿಡಿಸಲೆತ್ನಿಸಿದ ಒಗಟು ಇದೇ. ಗೋಡೆ, ಬಾಗಿಲು, ಬೀಗಗಳ ರೂಪ ಕಾಲಕಾಲಕ್ಕೆ ಬದಲಾಯಿತು, ನಿಜ. ನನಗೆ ಅದಕ್ಕಿಂತ ಗಮನಾರ್ಹವಾಗಿ ತೋರುವುದು, ಕಳುವಾದ ವಸ್ತುವಿಗೆ ಉತ್ತರ ಹೇಳತಕ್ಕವನು ಯಾರು ಎಂಬ ವಿಷಯದಲ್ಲಿ ಆದ ಬದಲಾವಣೆ.

ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರೆಂಬ ಗಾದೆಯನ್ನು ನಮ್ಮ ಹಿರಿಯರು ಹಾಸ್ಯಕ್ಕಾಗಿ ಹೇಳಿದ್ದಾರು. ಹೈದರಾಬಾದಿನ ಮಟ್ಟಿಗೆ ಅದು ಅಕ್ಷರಶಃ ಚರಿತ್ರೆ. ಮೊಗಲರ ಸುಬೇದಾರನಾದ ಮುಬಾರಿಜ್ ಖಾನನು 1720ರ ದಶಕದಲ್ಲಿ ನಗರದ ಸುತ್ತ ಕಲ್ಲಿನ ಗೋಡೆಯನ್ನು ಎತ್ತಿಸತೊಡಗಿದನು. 1724ರಲ್ಲಿ ಅವನನ್ನು ಶಕರ್‌ಖೇಡಾದ ಯುದ್ಧದಲ್ಲಿ ಕೊಂದು ದಖ್ಖನಿನ ಒಡೆಯನಾದ, ನಿಜಾಮರ ಮನೆತನದ ಮೂಲಪುರುಷ ಮೊದಲನೆಯ ಆಸಫ್ ಜಾಹನು, ತನ್ನ ವೈರಿಯ ಆ ಅರೆಗೆಲಸವನ್ನು ಪೂರ್ಣಗೊಳಿಸಿದನು. ದೊಡ್ಡ ದರ್ವಾಜೆಗಳು, ಅವುಗಳ ನಡುನಡುವೆ ಜನರು ಕಾಲ್ನಡೆಯಲ್ಲಿ ನುಸುಳುವ ಖಿಡ್ಕಿಗಳು. ದಬೀರ್‌ಪುರಾ, ಯಾಕೂತ್‌ಪುರಾ, ಅಲಿಯಾಬಾದ್, ಲಾಲ್ ದರ್ವಾಜಾ, ಚಾದರ್‌ಘಾಟ್, ಪುರಾನಾ ಪುಲ್ ಎಂಬೀ ಹೆಸರುಗಳು ಇಂದು ಬಸ್ಸಿನ ಹಲಗೆಯ ಮೇಲೆ ಕಾಣುವ ಬಡಾವಣೆಗಳಾಗಿ ಉಳಿದಿದ್ದರೂ, ಒಂದು ಕಾಲದಲ್ಲಿ ರಾತ್ರಿ ಮುಚ್ಚಿ ಬೆಳಗ್ಗೆ ತೆರೆಯುವ ನಿಜವಾದ ಬಾಗಿಲುಗಳಾಗಿದ್ದವು. ಗೋಡೆಯನ್ನು ಕಟ್ಟಿದ್ದು ಮರಾಠರ ದಂಡಿಗೆ ಅಂಜಿ. ಮನೆಗಳ್ಳನಿಗೆ ಅದರಿಂದ ಆದ ತೊಂದರೆ ಅಷ್ಟಕ್ಕಷ್ಟೆ. ಊರ ಬಾಗಿಲಿನ ಕಾವಲುಗಾರನ ಕಣ್ಣು ಯಾವುದರ ಮೇಲಿರುತ್ತಿತ್ತೆಂಬುದನ್ನು, ಈ ಗೋಡೆ ಹುಟ್ಟುವುದಕ್ಕೂ ಮುನ್ನ, ಕುತುಬ್ ಷಾಹರ ಕಾಲದಲ್ಲಿ ಇಲ್ಲಿಗೆ ಬಂದ ಫ್ರೆಂಚ್ ರತ್ನವ್ಯಾಪಾರಿ ತಾವೆರ್ನಿಯೆ ಬರೆದಿಟ್ಟಿದ್ದಾನೆ: ಹೊರಗಿನಿಂದ ಬಂದವನ ಗಂಟುಮೂಟೆಯನ್ನು ಬಿಚ್ಚಿ ಅವರು ಶೋಧಿಸುತ್ತಿದ್ದುದು ಉಪ್ಪಿಗಾಗಿ ಮತ್ತು ಹೊಗೆಸೊಪ್ಪಿಗಾಗಿ, ಏಕೆಂದರೆ ಅರಸನಿಗೆ ಸುಂಕ ಬರುತ್ತಿದ್ದುದು ಅವುಗಳಿಂದ. ಕಳ್ಳನು ಕೈ ಬೀಸಿಕೊಂಡು ಒಳಗೆ ಬರಬಹುದಾಗಿತ್ತು, ಉಪ್ಪಿನ ಚೀಲವೊಂದನ್ನು ಹೊತ್ತಿರದಿದ್ದರೆ ಸಾಕು.

ಒಳಗೆ ಬಂದ ಕಳ್ಳನಿಗೆ ಬೇಕಾದದ್ದು ಬಾಗಿಲಲ್ಲ, ಗೋಡೆ. ಮಣ್ಣಿನಿಂದಲೋ ಸುಡದ ಇಟ್ಟಿಗೆಯಿಂದಲೋ ಎಬ್ಬಿಸಿದ ಹಿಂಗೋಡೆಯ ಬುಡದಲ್ಲಿ ನೀರು ಚಿಮುಕಿಸಿ, ಚೂಪಾದ ಕಬ್ಬಿಣದಿಂದ ಸದ್ದಿಲ್ಲದೆ ಕೊರೆದು, ಒಬ್ಬ ಮನುಷ್ಯನ ಭುಜ ಹಿಡಿಸುವಷ್ಟು ರಂಧ್ರವನ್ನು ಮಾಡಿ, ಒಳಗಿನವರು ಎಚ್ಚರವಾಗಿರುವರೋ ಎಂದು ಮೊದಲು ಕೋಲಿನ ತುದಿಗೊಂದು ಮಡಕೆಯನ್ನು ಸಿಕ್ಕಿಸಿ ತೂರಿಸಿ ನೋಡಿ, ಏಟು ಬೀಳದಿದ್ದರೆ ಆಮೇಲೆ ತಲೆಯನ್ನು ತೂರಿಸುವ ಕನ್ನಗಳ್ಳನ ವಿದ್ಯೆ ಈ ದೇಶದಲ್ಲಿ ಎಷ್ಟು ಹಳೆಯದೆಂದರೆ, ಶೂದ್ರಕನ ಮೃಚ್ಛಕಟಿಕದ ಶರ್ವಿಲಕನು ಕನ್ನದ ಆಕಾರ ಹೇಗಿದ್ದರೆ ಚೆನ್ನೆಂದು ಶಿಲ್ಪಿಯ ಹಾಗೆ ಆಲೋಚಿಸುತ್ತಾನೆ, ಅಳೆಯುವ ದಾರವನ್ನು ಮರೆತು ಬಂದವನು ತನ್ನ ಜನಿವಾರದಿಂದಲೇ ಅಳೆದುಕೊಳ್ಳುತ್ತಾನೆ. ಬ್ರಿಟಿಷರು 1860ರಲ್ಲಿ ರಚಿಸಿದ ದಂಡಸಂಹಿತೆಯೂ ಈ ವಿದ್ಯೆಗೆ ತಲೆಬಾಗಿತು. ಅದರ 445ನೆಯ ಕಲಮಿನಲ್ಲಿ ಮನೆಗೆ ಕನ್ನವಿಕ್ಕುವ ಆರು ಬಗೆಗಳನ್ನು ವಿವರಿಸುವಾಗ ಮೊದಲನೆಯ ಸ್ಥಾನ ಸಂದಿರುವುದು ಕಳ್ಳನು ತಾನೇ ಮಾಡಿಕೊಂಡ ದಾರಿಗೆ. ಕೊಟ್ಟಿರುವ ಮೊದಲ ಉದಾಹರಣೆಯೂ ಗೋಡೆ ಕೊರೆದು ಕೈಯನ್ನು ಒಳಕ್ಕೆ ಚಾಚಿದವನದೇ. ಬೀಗವನ್ನು ತೆರೆಯುವುದು ನಾಲ್ಕನೆಯ ಬಗೆಯಾಗಿ ಎಷ್ಟೋ ಕೆಳಗೆ ಬರುತ್ತದೆ. ನಿಜಾಮರ ರಾಜ್ಯದ ತಾಜೀರಾತೆ ಆಸಫಿಯಾ ಎಂಬ ಉರ್ದು ದಂಡಸಂಹಿತೆ ಬಹುಮಟ್ಟಿಗೆ ಇದೇ ಜಾಡಿನಲ್ಲಿ ನಡೆಯಿತು.

ಕನ್ನ ಬಿದ್ದ ಮೇಲೆ ಮಾಡತಕ್ಕದ್ದೇನು? ನಿಜಾಮರ ಆಳ್ವಿಕೆಗೆ ಒಳಪಟ್ಟಿದ್ದ ನಮ್ಮ ಕನ್ನಡ ಸೀಮೆಗಳಲ್ಲಿ, ಎಂದರೆ ರಾಯಚೂರು, ಗುಲಬರ್ಗಾ, ಬೀದರ ಜಿಲ್ಲೆಗಳ ಹಳ್ಳಿಗಳಲ್ಲಿ, ಉತ್ತರ ಸ್ಪಷ್ಟವಾಗಿತ್ತು. ಊರಿಗೆ ತಳವಾರನೊಬ್ಬನಿದ್ದನು, ಸರ್ಕಾರದ ದಫ್ತರದಲ್ಲಿ ಸೇತ್‌ಸಿಂಧಿ ಎಂದು ಕರೆಸಿಕೊಂಡ ಗ್ರಾಮಸೇವಕನೂ ಇದ್ದನು. ಇವರಿಗೆ ಸಂಬಳವೆಂದರೆ ಇನಾಮಿನ ತುಂಡು ಹೊಲ, ಸುಗ್ಗಿಯಲ್ಲಿ ಕಣದಿಂದ ಸಲ್ಲುವ ಕಾಳು. ಕಳುವಾದ ಬೆಳಗ್ಗೆ ತಳವಾರನು ಹೆಜ್ಜೆಯ ಗುರುತು ಅಳಿಯದಂತೆ ಅದರ ಮೇಲೆ ಬುಟ್ಟಿಯನ್ನೋ ಮಡಕೆಯನ್ನೋ ಬೋರಲು ಹಾಕಿ, ಹಿಮ್ಮಡಿಯ ಒತ್ತು, ಬೆರಳಿನ ಓರೆ, ಕುಂಟಿನ ಸೊಟ್ಟು ಇವನ್ನೆಲ್ಲ ಕಡ್ಡಿಯಿಂದ ಅಳೆದುಕೊಂಡು, ಆ ಜಾಡನ್ನು ಹಿಡಿದು ಊರ ಗಡಿಯವರೆಗೆ ನಡೆಯುತ್ತಿದ್ದನು. ಜಾಡು ಗಡಿ ದಾಟಿ ನೆರೆಯೂರಿಗೆ ಹೋಯಿತೆಂದು ತೋರಿಸಿಕೊಟ್ಟರೆ ಹೊಣೆ ಆ ಊರಿನ ತಳವಾರನಿಗೆ ವರ್ಗವಾಗುತ್ತಿತ್ತು. ತೋರಿಸಲಾರದಿದ್ದರೆ ಕಳುವಿನ ನಷ್ಟವನ್ನು ತನ್ನ ಶಕ್ತ್ಯನುಸಾರ ತಾನೇ ತುಂಬಬೇಕಾಗಿತ್ತು, ಅವನಿಂದಾಗದ್ದು ಊರಿನ ಮೇಲೆ ಬೀಳುತ್ತಿತ್ತು. ಪೇಶ್ವೆಯ ರಾಜ್ಯ ಇಂಗ್ಲಿಷರ ವಶವಾದಾಗ ಎಲ್ಫಿನ್‌ಸ್ಟನ್ನನು 1819ರಲ್ಲಿ ಬರೆದ ವರದಿಯಲ್ಲಿ ದಖ್ಖನಿನ ಈ ಪದ್ಧತಿಯನ್ನು ವಿಸ್ತರಿಸಿ ಹೇಳಿದ್ದಾನೆ. ಇದರಲ್ಲಿ ಕ್ರೌರ್ಯವಿತ್ತು, ಅನ್ಯಾಯವೂ ಇತ್ತು. ಬಡ ತಳವಾರನ ಬೆನ್ನ ಮೇಲೆ ಗೌಡನ ಬೊಕ್ಕಸದ ಭಾರ ಬೀಳುವುದನ್ನು ಯಾರು ತಾನೆ ಒಪ್ಪಿಯಾರು? ಆದರೂ ಕಾಯುವವನೇ ಉತ್ತರವಾದಿ ಎಂಬ ತತ್ತ್ವ ಅಲ್ಲಿ ನಿಚ್ಚಳವಾಗಿತ್ತು.

ನಗರದಲ್ಲಿ ಈ ತತ್ತ್ವಕ್ಕೆ ಅಧಿದೇವತೆ ಕೋತವಾಲ. ಹೈದರಾಬಾದು ಹುಟ್ಟಿದ ದಶಕದಲ್ಲೇ ದೂರದ ಮೊಗಲ ಆಸ್ಥಾನದಲ್ಲಿ ಅಬುಲ್ ಫಜಲನು ಬರೆದ ಐನೆ ಅಕ್ಬರಿಯು ಆ ಅಧಿಕಾರಿಯ ಕರ್ತವ್ಯಗಳನ್ನು ಹೇಳುವಾಗ, ಮನೆಮನೆಯ ಪಟ್ಟಿಯನ್ನು ಬರೆದಿಡಬೇಕು, ಪ್ರತಿ ಮಹಲ್ಲೆಗೂ ಒಬ್ಬ ಯಜಮಾನನನ್ನು ನೇಮಿಸಬೇಕು, ನೆರೆಹೊರೆಯವರಿಂದ ಪರಸ್ಪರ ಸಹಾಯದ ವಾಗ್ದಾನವನ್ನು ಪಡೆಯಬೇಕು, ಬಂದವರ ಹೋದವರ ವಾರ್ತೆ ದಿನವೂ ತನಗೆ ತಲುಪುವಂತೆ ಏರ್ಪಡಿಸಬೇಕು, ಕಳ್ಳನನ್ನೂ ಮಾಲನ್ನೂ ಹಿಡಿದುಕೊಡಬೇಕು, ಇಲ್ಲವಾದರೆ ನಷ್ಟಕ್ಕೆ ತಾನೇ ಹೊಣೆಯಾಗಬೇಕು ಎಂದು ವಿಧಿಸುತ್ತದೆ. ಗೋಲ್ಕೊಂಡದ ರಾಜ್ಯ ಆಗ ಮೊಗಲರದಾಗಿರಲಿಲ್ಲ. ಆದರೂ ಕೋತವಾಲನೆಂಬ ಹುದ್ದೆ ಇಲ್ಲಿಯೂ ಇತ್ತು, ಆಸಫ್ ಜಾಹೀ ಕಾಲದಲ್ಲಂತೂ ಅದು ನಗರದ ಅತ್ಯಂತ ಭಯಪ್ರದವಾದ ಪದವಿಗಳಲ್ಲೊಂದಾಯಿತು.

ಪುಸ್ತಕದ ವಿಧಿಗೂ ಬೀದಿಯ ಸ್ಥಿತಿಗೂ ಇರುವ ಅಂತರವನ್ನು ಅರಿತಿದ್ದ ಉಳ್ಳವರು ತಮ್ಮ ಕಾವಲನ್ನು ತಾವೇ ಮಾಡಿಕೊಂಡರು. ಅಮೀರರ ದೇವಡಿಗಳು, ಎಂದರೆ ಬೀದಿಯ ಕಡೆಗೆ ಕಿಟಕಿಯನ್ನೇ ತೋರದ ಎತ್ತರದ ಗೋಡೆಗಳೊಳಗಿನ ಆ ಮಹಾಗೃಹಗಳು, ಕಟ್ಟಡದ ಆಕಾರದಿಂದಲೇ ಅಪನಂಬಿಕೆಯನ್ನು ಸಾರುತ್ತಿದ್ದವು. ಆನೆ ಹೊಗುವಷ್ಟು ಎತ್ತರದ ತೇಗದ ಕದ, ಅದರ ಮೇಲೆ ಕಬ್ಬಿಣದ ಪಟ್ಟಿ ಮತ್ತು ಗುಬ್ಬಿಗಳು, ಒಳಗಡೆ ಗೋಡೆಯ ಪೊಟರೆಯಿಂದ ಎಳೆದು ಅಡ್ಡಹಾಯಿಸುವ ತೊಲೆಯಂಥ ಅಗುಳಿ. ಆ ಮಹಾದ್ವಾರದಲ್ಲೇ ಕೊರೆದ ಒಂದು ಪುಟ್ಟ ದಿಡ್ಡಿ, ಒಳಬರುವವನು ತಲೆಬಾಗಿಸಿ ಒಂದು ಕಾಲನ್ನು ಮೊದಲಿಟ್ಟು ಬರಬೇಕಾದುದರಿಂದ ಕತ್ತಿ ಹಿರಿಯುವಂತಿಲ್ಲ, ಓಡುವಂತಿಲ್ಲ. ಆ ದಿಡ್ಡಿಯ ಪಕ್ಕದ ಜಗಲಿಯಲ್ಲಿ ಜಂಬಿಯಾ ಎಂಬ ಬಾಗಿದ ಬಾಕನ್ನು ಸೊಂಟಕ್ಕೆ ಸಿಕ್ಕಿಸಿ, ಉದ್ದನೆಯ ಕೋವಿಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿರುತ್ತಿದ್ದವನು ಅರಬ.

ಅರಬಸ್ಥಾನದ ತೆಂಕಣ ಕರಾವಳಿಯ ಹದ್ರಮೌತಿನಿಂದ ಬಂದ ಈ ಜನರು ಹೈದರಾಬಾದಿನಲ್ಲಿ ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಪಡೆದ ಪ್ರಾಬಲ್ಯ ವಿಸ್ಮಯಕರವಾದದ್ದು. ನಿಷ್ಠೆಗೆ ಹೆಸರಾದವರೆಂದು ಅಮೀರರೂ ಸಾಹುಕಾರರೂ ಅವರನ್ನು ಬಾಗಿಲಿಗೆ, ಖಜಾನೆಗೆ, ಹುಂಡಿಯ ಹಣ ಹೊತ್ತ ಗಾಡಿಗೆ ಕಾವಲಿಟ್ಟರು. ಸಂಬಳ ಕೂಡಿಟ್ಟು ಅರಬರು ಬಡ್ಡಿಗೆ ಕೊಡತೊಡಗಿದರು. ಅವರ ಜಮಾದಾರರು ಅಮೀರರಿಗೂ, ಕಡೆಗೆ ಸರ್ಕಾರಕ್ಕೂ ಸಾಲಿಗರಾದರು. ಸಾಲಕ್ಕೆ ಪ್ರತಿಯಾಗಿ ತಾಲ್ಲೂಕುಗಳ ಕಂದಾಯವೇ ಅವರ ಕೈಗೆ ಅಡವು ಹೋಯಿತು. ಸಾಲ ತೀರಿಸಲಾರದವನ ಹೊಸ್ತಿಲ ಮೇಲೆ ಅದೇ ಅರಬನು ಅದೇ ಕೋವಿಯೊಂದಿಗೆ ಬಂದು ಕುಳಿತು, ಒಳಗಿನವರು ಹೊರಕ್ಕೂ ಹೊರಗಿನ ಅನ್ನನೀರು ಒಳಕ್ಕೂ ಹೋಗದಂತೆ ತಡೆದನು. ಜಮಾದಾರರ ಮನೆಗಳಲ್ಲಿ ಸಾಲಗಾರರನ್ನು ಕೂಡಿಹಾಕುವ ಖಾಸಗಿ ಸೆರೆಮನೆಗಳು ಎದ್ದವು. ಬೇಲಿಯೇ ಎದ್ದು ಹೊಲ ಮೇಯತೊಡಗಿತ್ತು. ಒಬ್ಬ ಕಳ್ಳನು ಒಂದು ರಾತ್ರಿಯಲ್ಲಿ ಒಯ್ಯಬಹುದಾದದ್ದಕ್ಕಿಂತ ಹೆಚ್ಚನ್ನು ಕಾವಲುಗಾರನ ಬಡ್ಡಿಯು ಹಗಲಿನಲ್ಲೇ ಒಯ್ಯಿತೆಂದರೆ ಉತ್ಪ್ರೇಕ್ಷೆಯಲ್ಲ. ಇಷ್ಟಾಗಿಯೂ ಅವರನ್ನು ದೂಷಿಸುವಾಗ ನಾವು ಒಂದನ್ನು ನೆನೆಯಬೇಕು: ಸಂಬಳವನ್ನು ತಿಂಗಳುಗಟ್ಟಲೆ ಬಾಕಿಯಿಡುವ ಒಡೆಯನೇ ಕಾವಲುಗಾರನನ್ನು ಸಾಲಿಗನನ್ನಾಗಿ ಮಾಡಿದವನು.

ಇಂಥ ಸನ್ನಿವೇಶದಲ್ಲಿ ವರ್ತಕರು ಕಂಡುಕೊಂಡ ಉಪಾಯ ಚತುರವಾದದ್ದು. ಹತ್ತೊಂಬತ್ತನೆಯ ಶತಮಾನದ ಮೊದಲ ದಶಕದಲ್ಲಿ ಬ್ರಿಟಿಷರ ಪ್ರತಿನಿಧಿಯಾದ ರೆಸಿಡೆಂಟ್ ಕರ್ಕ್‌ಪ್ಯಾಟ್ರಿಕ್ಕನು ಮೂಸಿಯ ಉತ್ತರ ದಡದಲ್ಲಿ ಕಟ್ಟಿಸಿದ, ಮುಂದೆ ಕೋಠಿಯ ಮಹಿಳಾ ಕಾಲೇಜಿಗೆ ಸೇರಿದ ಬ್ರಿಟಿಷ್ ರೆಸಿಡೆನ್ಸಿಯ ಸುತ್ತಣ ಜಾಗದಲ್ಲಿ ನಿಜಾಮನ ಹುಕುಂ ನಡೆಯುತ್ತಿರಲಿಲ್ಲ. ರೆಸಿಡೆಂಟನ ಪೊಲೀಸು, ರೆಸಿಡೆಂಟನ ಕಚೇರಿ. ಆದಕಾರಣ ಸಾಹುಕಾರರು ಒಬ್ಬೊಬ್ಬರಾಗಿ ನದಿ ದಾಟಿ ಆ ಗೋಡೆಯ ನೆರಳಿಗೆ ಬಂದು ಕೋಠಿಗಳನ್ನು ಕಟ್ಟಿಕೊಂಡರು. ಅಗುಳಿಯನ್ನು ದಪ್ಪಮಾಡುವ ಬದಲು ಅಧಿಕಾರದ ಸರಹದ್ದನ್ನೇ ದಾಟಿ ಕುಳಿತುಕೊಂಡರು; ಹೀಗೆ ಬೆಳೆದದ್ದೇ ರೆಸಿಡೆನ್ಸಿ ಬಜಾರು. ಆದರೆ ವಿಧಿಯ ವಿನೋದವನ್ನು ನೋಡಿ. 1857ರ ಜುಲೈ 17ರ ಸಂಜೆ ಮೌಲ್ವಿ ಅಲಾವುದ್ದೀನನೂ ತುರ್ರೆಬಾಜ್ ಖಾನನೂ ರೋಹಿಲ್ಲರ ಗುಂಪಿನೊಡನೆ ರೆಸಿಡೆನ್ಸಿಯ ಮೇಲೆ ಬಿದ್ದಾಗ ಅವರು ಗುಂಡು ಹಾರಿಸಲು ಆರಿಸಿಕೊಂಡ ನೆಲೆ, ರೆಸಿಡೆನ್ಸಿಗೆ ಎದುರಾಗಿ ಪುತ್ಲಿ ಬಾವಡಿಯ ಬಳಿ ಇದ್ದ ಅಬ್ಬನ್ ಸಾಹೇಬ, ಜೈಗೋಪಾಲದಾಸ ಎಂಬ ಸಾಹುಕಾರರ ಭದ್ರವಾದ ಮನೆಗಳು. ಸಂಪತ್ತಿನ ರಕ್ಷಣೆಗೆಂದು ಎಬ್ಬಿಸಿದ ದಪ್ಪ ಗೋಡೆಗಳೇ ದಾಳಿಕಾರರಿಗೆ ಬುರುಜಾದವು. ಫಿರಂಗಿಯ ಏಟಿಗೆ ದಾಳಿ ಮುರಿಯಿತು. ತುರ್ರೆಬಾಜ್ ಖಾನನು ಸೆರೆಸಿಕ್ಕಿ, ತಪ್ಪಿಸಿಕೊಂಡು, 1859ರಲ್ಲಿ ಹತನಾದನು. ಮೌಲ್ವಿಯನ್ನು ಅಂಡಮಾನಿಗೆ ಕಳುಹಿದರು. ರೆಸಿಡೆನ್ಸಿಯ ಆವರಣಕ್ಕೆ ಆ ಬಳಿಕ ಹೊಸ ಬುರುಜುಗಳು ಬಂದವು. ಬಜಾರು 1933ರಲ್ಲಿ ನಿಜಾಮರಿಗೆ ಮರಳಿ ಬಂದು ಸುಲ್ತಾನ್ ಬಜಾರೆಂಬ ಹೆಸರನ್ನು ತಾಳಿತು. ಅಲ್ಲಿಂದ ಕೂಗಳತೆಯ ಕಾಚಿಗುಡದಲ್ಲಿ ಇಂದು ಕರ್ನಾಟಕ ಸಾಹಿತ್ಯ ಮಂದಿರವಿದೆ. ಹೈದರಾಬಾದಿನ ಕನ್ನಡಿಗರಿಗೆ ಈ ಬೀದಿಗಳು ಹೊಸವಲ್ಲ.

ಅರಬರ ಹೊಸ್ತಿಲ ಧರಣಿಯನ್ನೂ ಖಾಸಗಿ ಸೆರೆಮನೆಗಳನ್ನೂ ಮುರಿದವನು ಸಾಲಾರ್ ಜಂಗ್. 1853ರಲ್ಲಿ ಇಪ್ಪತ್ತನಾಲ್ಕನೆಯ ವಯಸ್ಸಿಗೆ ದಿವಾನಗಿರಿ ವಹಿಸಿಕೊಂಡ ಈತನು ಅಡವಿಟ್ಟ ತಾಲ್ಲೂಕುಗಳನ್ನು ಬಿಡಿಸಿಕೊಂಡು, ಅರಬರ ವ್ಯಾಜ್ಯಗಳಿಗೆ ನ್ಯಾಯಸ್ಥಾನವನ್ನು ಕಲ್ಪಿಸಿ, ರಾಜ್ಯವನ್ನು ಜಿಲ್ಲೆಗಳಾಗಿ ವಿಂಗಡಿಸಿ, 1868ರಲ್ಲಿ ನೇಮಿಸಿದ, ಸದರುಲ್ ಮಹಾಮರೆಂಬ ನಾಲ್ವರು ಮಂತ್ರಿಗಳಲ್ಲಿ ಒಬ್ಬನಿಗೆ ಪೊಲೀಸು ಖಾತೆಯನ್ನೇ ಬೇರೆಯಾಗಿ ವಹಿಸಿದನು. ಅಮೀನ, ಸದರ ಅಮೀನ, ಮುಹತಮಿಮ್ ಎಂಬ ಶ್ರೇಣಿಗಳು, ಠಾಣೆ, ಗಸ್ತು, ಉರ್ದುವಿನ ರೋಜನಾಮಚೆ. ಕಾವಲು ಒಂದು ಇಲಾಖೆಯಾಯಿತು. ಇಲಾಖೆಯಾದ ದಿನವೇ ಹಳೆಯ ಒಪ್ಪಂದ ಸದ್ದಿಲ್ಲದೆ ಕಳಚಿತು. ಸಂಬಳ ಪಡೆಯುವ ಜವಾನನು ಕಳ್ಳನನ್ನು ಹುಡುಕಬಲ್ಲನು, ಹಿಡಿಯಲೂಬಲ್ಲನು. ಸಿಕ್ಕದ ಮಾಲಿಗೆ ತನ್ನ ಹೊಲವನ್ನು ಮಾರಿ ತೆರುವವನಲ್ಲ. ಅದು ನ್ಯಾಯವೇ ಸರಿ. ಆದರೆ ಮನೆಯೊಡೆಯನ ಕೈಗೆ ಉಳಿದದ್ದು ದೂರಿನ ನಕಲು.

ಈ ಹೊಸ ವ್ಯವಸ್ಥೆಯಲ್ಲಿಯೂ ಒಬ್ಬ ವ್ಯಕ್ತಿಯ ಗುಣದಿಂದ ಹಳೆಯ ಕೋತವಾಲಿಯ ತೇಜಸ್ಸು ಮತ್ತೊಮ್ಮೆ ಬೆಳಗಿತು. ವನಪರ್ತಿ ಸಂಸ್ಥಾನದ ಹಳ್ಳಿಯೊಂದರಲ್ಲಿ 1869ರಲ್ಲಿ ಜನಿಸಿ, ನಮ್ಮ ರಾಯಚೂರು ಸೀಮೆಯಲ್ಲಿ ಅಮೀನಗಿರಿಯಿಂದ ಮೊದಲ್ಗೊಂಡು ಮೇಲೇರಿದ ರಾಜಾ ಬಹಾದ್ದೂರ್ ವೆಂಕಟರಾಮರೆಡ್ಡಿಯವರು 1920ರಿಂದ 1934ರವರೆಗೆ ಹೈದರಾಬಾದಿನ ಕೋತವಾಲರಾಗಿದ್ದರು. ಆಸಫ್ ಜಾಹೀ ಆಳ್ವಿಕೆಯಲ್ಲಿ ಆ ಪದವಿಗೇರಿದ ಮೊದಲ ಹಿಂದೂ ಅವರು. ಸುರವರಂ ಪ್ರತಾಪರೆಡ್ಡಿಯವರು ಅವರ ಜೀವಿತವನ್ನು ತೆಲುಗಿನಲ್ಲಿ ಬರೆದಿದ್ದಾರೆ. ಅಧಿಕಾರಿಯ ಹೆಸರೇ ಬೀಗದ ಕೆಲಸ ಮಾಡುವ ಕಾಲವೊಂದಿತ್ತೆಂಬುದಕ್ಕೆ ನಗರದ ಹಿರಿಯ ತಲೆಮಾರು ಇವರನ್ನು ನೆನೆಯುವ ಪರಿಯೇ ಸಾಕ್ಷಿ.

ಅಂಗಡಿಗಳ ವಿಷಯಕ್ಕೆ ಬರೋಣ. ಅಮೀರನಿಗೆ ಅರಬನುಂಟು, ಲಾಡ್ ಬಜಾರಿನ ಬಳೆಗಾರನಿಗೆ, ಬೇಗಂ ಬಜಾರಿನ ಸಾಂಬಾರ ವ್ಯಾಪಾರಿಗೆ ಇದ್ದದ್ದು ಹಲಗೆಯ ಕದ. ಈಚೆಗೆ ಉಕ್ಕಿನ ಶಟರು ಬಂದು ಅದನ್ನು ನುಂಗಿತಾದರೂ, ಹಳೆಯ ಓಣಿಗಳಲ್ಲಿ ಅಲ್ಲೊಂದು ಇಲ್ಲೊಂದು ಇನ್ನೂ ಕಾಣಬಹುದು. ಹೊಸ್ತಿಲಲ್ಲಿಯೂ ಮೇಲಣ ತೊಲೆಯಲ್ಲಿಯೂ ಉದ್ದಕ್ಕೆ ಕೊರೆದ ತೋಡು. ಗೇಣಗಲದ ಹಲಗೆಗಳನ್ನು ಒಂದೊಂದಾಗಿ ಎತ್ತಿ ಆ ತೋಡಿಗೆ ಇಳಿಸಿ ಪಕ್ಕಕ್ಕೆ ಸರಿಸುತ್ತ ಹೋಗಬೇಕು. ಕ್ರಮ ತಪ್ಪದಂತೆ ಹಲಗೆಗಳಿಗೆ ಬಡಗಿಯು ಉಳಿಯಿಂದ ಗೀರಿನ ಗುರುತು ಹಾಕಿರುತ್ತಾನೆ, ಮಳೆಗಾಲದಲ್ಲಿ ಮರ ಉಬ್ಬಿದರೆ ಮುಷ್ಟಿಯಿಂದ ಗುದ್ದಿ ಕೂರಿಸಬೇಕು. ಕಡೆಯ ಹಲಗೆಗೆ ಸರಪಣಿ, ಸರಪಣಿಗೆ ಕೊಂಡಿ, ಕೊಂಡಿಗೆ ಬೀಗ. ಯಜಮಾನನು ಬೀಗವನ್ನು ಎರಡು ಸಲ ಜಗ್ಗಿ ನೋಡಿ, ಮುಟ್ಟಿ ಕಣ್ಣಿಗೊತ್ತಿಕೊಂಡು, ಬೀಗದಕೈಯನ್ನು ಉಡಿದಾರಕ್ಕೆ ಕಟ್ಟಿಕೊಂಡು ಹೊರಡುವನು. ಈ ಕದವನ್ನು ಮುರಿಯುವುದು ಕಷ್ಟವೇನಲ್ಲ, ಆದರೆ ಸದ್ದಾಗದೆ ಮುರಿಯುವುದು ಅಸಾಧ್ಯ. ಅಂಗಡಿಯ ಮಾಳಿಗೆಯಲ್ಲಿಯೇ ಮನೆಯವರು ಮಲಗುತ್ತಿದ್ದ ಆ ಕಾಲದಲ್ಲಿ ಸದ್ದೇ ಕಾವಲು. 1908ರ ಸೆಪ್ಟೆಂಬರ್ 28ರ ಮೂಸಿಯ ಮಹಾಪ್ರವಾಹದ ತರುವಾಯ ನಗರಸುಧಾರಣೆಯ ಮಂಡಳಿ ಕಟ್ಟಿಸಿದ ಪತ್ತರ್‌ಗಟ್ಟಿಯ ಕಲ್ಲಿನ ಮಳಿಗೆಗಳ ಅಂದವನ್ನು ಎಷ್ಟು ಹೊಗಳಿದರೂ ಸಲ್ಲುತ್ತದೆ. ಆದರೆ ವ್ಯಾಪಾರಿಯು ಅಂಗಡಿಯಲ್ಲಿ ಮಲಗುವುದನ್ನು ಬಿಟ್ಟು ದೂರದ ಮನೆಗೆ ಹೋಗತೊಡಗಿದ ಮೇಲೆ ಸದ್ದಿಗೆ ಕಿವಿ ಇಲ್ಲವಾಯಿತು.

ಕಿವಿಯ ಸ್ಥಾನಕ್ಕೆ ಉಕ್ಕು ಬಂತು. ಅರ್ದೇಶಿರ್ ಗೋದ್ರೆಜರು 1897ರಲ್ಲಿ ಮುಂಬಯಿಯಲ್ಲಿ ಬೀಗದ ಕಾರ್ಖಾನೆ ತೆರೆದು, ಕೆಲವೇ ವರ್ಷಗಳಲ್ಲಿ ತಿಜೋರಿಗಳನ್ನೂ ಮಾಡತೊಡಗಿದರು. ಹೈದರಾಬಾದಿನಲ್ಲಿಯೇ 1942ರಲ್ಲಿ ಹುಟ್ಟಿದ ಆಲ್ವಿನ್ ಕಾರ್ಖಾನೆಯ ಉಕ್ಕಿನ ಬೀರುಗಳು ಮಧ್ಯಮವರ್ಗದ ಮನೆಗಳನ್ನು ಸೇರಿದವು. ಗೋಡೆಗೆ ಸಿಮೆಂಟು ಬಂದು ಕನ್ನದ ಕಬ್ಬಿಣ ತುಕ್ಕು ಹಿಡಿಯಿತು. ಆದರೂ ಉಕ್ಕು ಎಂಥ ಹೊತ್ತಿನಲ್ಲಿ ನಿಷ್ಪ್ರಯೋಜಕವೆಂಬುದನ್ನು 1948 ತೋರಿಸಿತು. ನಿಜಾಮರ ಪಕ್ಷದ ರಜಾಕಾರರ ಹಾವಳಿಯಲ್ಲಿ ನಮ್ಮ ಗಡಿನಾಡಿನ ಎಷ್ಟೋ ಮನೆಗಳು ಸುಲಿಗೆಯಾದವು, ಕುಟುಂಬಗಳು ಸೊಲ್ಲಾಪುರ ವಿಜಾಪುರಗಳ ಕಡೆಗೆ ಓಡಿದವು. ಸೆಪ್ಟೆಂಬರಿನಲ್ಲಿ ಭಾರತದ ಸೇನೆ ನಡೆಸಿದ ಪೊಲೀಸ್ ಕಾರ್ಯಾಚರಣೆಯ ಬಳಿಕ ಬೀದರ, ಗುಲಬರ್ಗಾ, ಉಸ್ಮಾನಾಬಾದ್, ನಾಂದೇಡ ಜಿಲ್ಲೆಗಳಲ್ಲಿ ಮುಸಲ್ಮಾನರ ಮನೆ ಅಂಗಡಿಗಳಿಗೆ ಅದೇ ಗತಿಯಾಯಿತೆಂಬುದನ್ನು ಪಂಡಿತ ಸುಂದರಲಾಲರ ಸಮಿತಿ ದಾಖಲಿಸಿದೆ. ನೆರೆಯವನೇ ಕೊಡಲಿ ಹಿಡಿದು ಬಂದಾಗ ಯಾವ ತಿಜೋರಿ ಏನು ಮಾಡೀತು?

ನಮ್ಮ ಕಾಲದ ಕಾವಲು ಕ್ಯಾಮೆರಾ. ದಿಲ್‌ಸುಖ್‌ನಗರದ ಬಾಂಬ್ ಸ್ಫೋಟಗಳು ನಡೆದ 2013ರಲ್ಲಿ ಅಂದಿನ ಆಂಧ್ರಪ್ರದೇಶ ಶಾಸನಸಭೆ ಮಾಡಿದ ಸಾರ್ವಜನಿಕ ಸುರಕ್ಷತೆಯ ಕಾನೂನು, ಒಮ್ಮೆಗೆ 100 ಮಂದಿ ಅಥವಾ ದಿನಕ್ಕೆ 500 ಮಂದಿ ಬಂದುಹೋಗುವ ಸ್ಥಳಗಳ ಒಡೆಯರು ತಮ್ಮ ಖರ್ಚಿನಲ್ಲಿಯೇ ಕ್ಯಾಮೆರಾಗಳನ್ನಿಟ್ಟು, ಚಿತ್ರಗಳನ್ನು 30 ದಿನ ಕಾದಿರಿಸಬೇಕೆಂದು ವಿಧಿಸಿತು. ಹೊಣೆ ಸಂಪೂರ್ಣವಾಗಿ ತಿರುಗಿ ಅಂಗಡಿಕಾರನ ಹೆಗಲಿಗೆ ಬಂದು ಕುಳಿತುದನ್ನು ಇಲ್ಲಿ ಕಾಣಬಹುದು: ಐನೆ ಅಕ್ಬರಿಯಲ್ಲಿ ದಂಡ ತೆರಬೇಕಾದವನು ಕೋತವಾಲ, ಈ ಕಾನೂನಿನಲ್ಲಿ ಅಂಗಡಿಯವನು. ಆದರೂ ಈ ಸಾಧನದ ಸಾಮರ್ಥ್ಯವನ್ನು ಅಲ್ಲಗಳೆಯಲಾಗದು. 2018ರ ಸೆಪ್ಟೆಂಬರಿನ ಆರಂಭದ ಒಂದು ರಾತ್ರಿ ಪುರಾನೀ ಹವೇಲಿಯ ನಿಜಾಮರ ವಸ್ತುಸಂಗ್ರಹಾಲಯಕ್ಕೆ ಇಬ್ಬರು ಬೆಳಕಿಂಡಿಯ ಮೂಲಕ ಹಗ್ಗದಿಂದಿಳಿದು, ವಜ್ರ ಕೆಂಪು ಪಚ್ಚೆಗಳನ್ನು ಕೂರಿಸಿದ ಮೂರು ಅಂತಸ್ತಿನ ಚಿನ್ನದ ಬುತ್ತಿಯ ಡಬ್ಬಿಯನ್ನೂ, ಚಿನ್ನದ ಬಟ್ಟಲು, ತಟ್ಟೆ, ಚಮಚಗಳನ್ನೂ ಒಯ್ದರು. ಒಳಗಿನ ಕ್ಯಾಮೆರಾ ಅವರನ್ನು ತಡೆಯಲಿಲ್ಲ. ಬೀದಿಯ ಕ್ಯಾಮೆರಾಗಳು ಅವರ ಮೋಟಾರುಸೈಕಲ್ಲಿನ ಜಾಡನ್ನು ಕೊಟ್ಟವು, ಹತ್ತು ದಿನಗಳೊಳಗೆ ಕಳ್ಳರೂ ಮಾಲೂ ಸಿಕ್ಕಿಬಿದ್ದರು. ಕಳ್ಳರಲ್ಲೊಬ್ಬನು ಆ ಡಬ್ಬಿಯಲ್ಲಿ ಊಟಮಾಡಿದನೆಂದು ಪೊಲೀಸರು ತಿಳಿಸಿದರು. ಬೀದರದ ತಳವಾರನು ಕಡ್ಡಿಯಿಂದ ಅಳೆಯುತ್ತಿದ್ದ ಹೆಜ್ಜೆಗೂ ಈ ಮೋಟಾರುಸೈಕಲ್ಲಿನ ಚಿತ್ರಕ್ಕೂ ತತ್ತ್ವತಃ ಭೇದವೇನೂ ಇಲ್ಲ. ಎರಡೂ ಕಳುವಿನ ಮರುದಿನದ ವಿದ್ಯೆಗಳು.

ಕಳುವಿನ ಹಿಂದಿನ ದಿನಕ್ಕೆಂದು ಉಳಿದಿರುವುದು ಪೊಲೀಸರ ಒಂದು ಪ್ರಕಟಣೆ ಮಾತ್ರ. ಪ್ರತಿ ಸಂಕ್ರಾಂತಿಗೂ ಅರ್ಧ ನಗರ ಗಂಟುಕಟ್ಟಿ ಹುಟ್ಟೂರುಗಳಿಗೆ ಹೊರಡುವಾಗ, ಬೀಗ ಹಾಕಿ ಹೋಗುವವರು ಠಾಣೆಗೆ ತಿಳಿಸಿ ಹೋಗಿರೆಂದು ಪತ್ರಿಕೆಗಳಲ್ಲಿ ಕೋರಿಕೆ ಬರುತ್ತದೆ. ಮಹಲ್ಲೆಯ ಯಜಮಾನನು ಬರೆದು ಕೋತವಾಲನಿಗೆ ಒಪ್ಪಿಸುತ್ತಿದ್ದ ಬಂದವರ ಹೋದವರ ಪಟ್ಟಿಯನ್ನು ಈಗ ಮನೆಯೊಡೆಯನೇ ಹೋಗಿ ಬರೆಯಿಸಬೇಕು. ಹಲವರು ಹೋಗುವುದಿಲ್ಲ, ಮನೆ ಖಾಲಿಯಿದೆಯೆಂಬ ಸಂಗತಿಯನ್ನು ಎಷ್ಟು ಕಡಿಮೆ ಮಂದಿಗೆ ಹೇಳಿದರೆ ಅಷ್ಟು ಲೇಸೆಂಬುದು ಅವರ ವಾದ. ಹಾಲಿನವನಿಗೂ ಪತ್ರಿಕೆ ಹಾಕುವ ಹುಡುಗನಿಗೂ ನಾಲ್ಕು ದಿನ ಬೇಡವೆಂದು ಹೇಳಿ ಹೋಗುತ್ತಾರೆಯಾದುದರಿಂದ, ಸಂಗತಿ ಹೇಗೂ ಬೀದಿಗೆಲ್ಲ ಗೊತ್ತಿರುತ್ತದೆ, ಠಾಣೆಯೊಂದನ್ನು ಬಿಟ್ಟು.